ಸುಮಂಗಲಾ ನೋಡದೆ ಬಿಟ್ಟ ದಾರಿ

"ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಈ ನಾಕೂ ತಾಲೂಕಿನ್ಯಾಗ ನಾ ನೋಡದ ದಾರಿ ಒಂದರ ಐತಿ ಅಂತ ಯಾರರ ತೋರಿಸ್ರಿ, ಅವರ ಮನಿ ಕಸಾ ಬಳಕೋತ ಬಿದ್ದಿರ್ತೀನಿ!"

ಗಂಗಾವತಿ ಬಸ್ ನಿಲ್ದಾಣದ ಎದುರು ತನ್ನ ಅಂಗಡಿಯಲ್ಲಿ ಕೂತು ಸುಮಂಗಲಾ ಹೀಗೆ ಹೇಳಿದಳೆಂದರೆ, ನಿಲ್ದಾಣದಲ್ಲಿದ್ದ ಕೆಂಪು ಬಸ್ಸುಗಳು ನಾಚಿಕೊಂಡು ರಿವರ್ಸ್ ಗೇರು ಹಾಕುತ್ತಿದ್ದವು. ಅದು ಬರೀ ಜಂಬವಾಗಿದ್ದರೆ ನಾವೂ ನಕ್ಕು ಚಹಾ ಕುಡಿದು ಎದ್ದುಬಿಡುತ್ತಿದ್ದೆವು. ಯಾವ ಊರಿನ ಯಾವ ಗುಡಿಗೆ ಎಷ್ಟು ಎತ್ತರದ ಮೆಟ್ಟಿಲು, ಯಾವ ಓಣಿಯ ಚರಂಡಿ ಎಷ್ಟಗಲ, ಯಾವ ಹೋಟೆಲಿನ ಪಾಯಖಾನೆಯ ಬಾಗಿಲಲ್ಲಿ ಗಾಲಿ ಕುರ್ಚಿ ಹಿಡಿಸುತ್ತದೆ ಎಂಬುದೆಲ್ಲ ಅವಳ ತಲೆಯಲ್ಲಿ ಇತ್ತು. ಅವಳ ಕೆಲಸವೇ ಅದು.

ಗಂಗಾವತಿಯಿಂದ ಸಮುದ್ರ ಎಷ್ಟು ದೂರ ಎಂದು ಕೇಳಿದರೆ ನಮ್ಮವರು, "ಡ್ಯಾಮ್ ತುಂಬಿದಾಗ ಸಮೀಪ, ಬತ್ತಿದಾಗ ದೂರ" ಎನ್ನುತ್ತಾರೆ. ಇಂಥ ಊರಲ್ಲಿ ಕೂತು ಸುಮಂಗಲಾ ಹಡಗಿನ ಮಂದಿಗೆ ಪ್ರವಾಸ ಹಾಕಿಕೊಡುತ್ತಿದ್ದಳು. ದೇಶ ದೇಶ ತಿರುಗುವ ದೊಡ್ಡ ಹಡಗು ಗೋವಾದ ಬಂದರಿನಲ್ಲಿ ಒಂದಿಷ್ಟು ಜನರನ್ನು ಇಳಿಸುತ್ತದೆ. ಅವರು ರೈಲು ಹತ್ತಿ ಹೊಸಪೇಟೆಗೆ ಬಂದು, ಹಂಪಿ ಆನೆಗೊಂದಿ ನೋಡಿ, ಮಂಗಳೂರಿಗೆ ಹೋಗುವಷ್ಟರಲ್ಲಿ ಹಡಗು ಅಲ್ಲಿ ಬಂದು ನಿಂತಿರುತ್ತದೆ. ಹೀಗೆ ಬರುವವರಲ್ಲಿ ಗಟ್ಟಿಮುಟ್ಟಾದವರನ್ನು ಯಾರು ಬೇಕಾದರೂ ನೋಡಿಕೊಳ್ಳುತ್ತಾರೆ. ಸುಮಂಗಲೆಯ ಪಾಲಿಗೆ ಬರುತ್ತಿದ್ದವರು ಬೇರೆ: ಗಾಲಿ ಕುರ್ಚಿಯವರು, ಊರುಗೋಲಿನವರು, ಮೊಣಕಾಲು ಕೈಕೊಟ್ಟವರು.

ಈ ವಿದ್ಯೆಯನ್ನು ಅವಳು ಕಲಿತದ್ದು ತಾಯಿ ಹೊಳಿಯಮ್ಮನಿಂದ. ಮರಳಿ ಎಂಬ ಊರಿನ ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ಹೊಳಿಯಮ್ಮನಿಗೆ ಒಂದು ದಿನ ಲಕ್ವ ಹೊಡೆದು ಎರಡೂ ಕಾಲು ನಿಂತವು. ವಿಚಿತ್ರವೆಂದರೆ ಕಾಲು ನಿಂತ ಮೇಲೇ ಆಕೆ ಊರೂರು ತಿರುಗಿದ್ದು. ಕಾಲಿದ್ದಾಗ ಶ್ರೀರಾಮನಗರ ದಾಟಿದವಳಲ್ಲ. ಸುಮಂಗಲಾ ತಾಯಿಯನ್ನು ಆಕೆ ಮಲಗಿದ್ದ ನುಲಿಯ ಹೊರಸಿನ ಸಮೇತ ಟ್ರ್ಯಾಕ್ಟರಿಗೆ ಏರಿಸಿ ತಾವರಗೇರಾದ ಮದುವೆಗೆ ಒಯ್ದಳು, ಹಾಲಿನ ಗಾಡಿಯಲ್ಲಿ ಕುಷ್ಟಗಿಗೆ ಒಯ್ದಳು, ಶೇಂಗಾ ಹೊಟ್ಟಿನ ಮೆತ್ತೆ ಹಾಕಿದ ಚಕ್ಕಡಿಯಲ್ಲಿ ಯಲಬುರ್ಗಾದ ತೊಟ್ಟಿಲು ಕಾರ್ಯಕ್ಕೂ ಒಯ್ದಳು. "ಮನ್ಯಾಗ ಬಿದ್ದಿರಲಿ ಬಿಡ, ಎದಕ್ಕ ಎಳದಾಡ್ತಿ?" ಎಂದವರಿಗೆ ಹೊಳಿಯಮ್ಮನೇ ಹೊರಸಿನ ಮೇಲಿಂದ, "ನಿನಗ ಎರಡೂ ಕಾಲು ಅದಾವಲ್ಲ, ನೀ ಎಲ್ಲಿತನಾ ಹೋಗಿ ಬಂದಿ?" ಎಂದು ಕೇಳುತ್ತಿದ್ದಳು. ಆಕೆ ಉಂಡ ಮದುವೆ ಊಟಗಳ ಲೆಕ್ಕ ಹಿಡಿದರೆ ತುಂಗಭದ್ರೆಯ ಎಡದಂಡೆಯ ಅಕ್ಕಿಯೆಲ್ಲ ಖರ್ಚಾಗಬೇಕು.

ತೊಂಬತ್ತೇಳರಲ್ಲಿ ಸುಮಂಗಲಾ ಎಸ್‌ಟಿಡಿ ಬೂತ್ ಇಟ್ಟಳು. ಹೊಳೆಯಾಚೆಯ ಹಂಪಿಯಿಂದ ಬರುತ್ತಿದ್ದ ವಿದೇಶಿಯರು ಫೋನ್ ಮಾಡಲು ಅವಳ ಬೂತಿಗೆ ಬರುತ್ತಿದ್ದರು. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡಿದ್ದ ಒಬ್ಬನನ್ನು ಆಕೆ ತಾಯಿಯ ಹೊರಸಿನಲ್ಲೇ ಊರೆಲ್ಲ ತಿರುಗಿಸಿದಳಂತೆ. ಆ ಸುದ್ದಿ ಹೇಗೋ ಗೋವಾದವರೆಗೆ ಹೋಯಿತು. ಅಲ್ಲಿ ಹಡಗಿನವರ ಏಜೆಂಟನಾಗಿದ್ದವನು ಪ್ರವೀಣಕುಮಾರ, ಕೊಪ್ಪಳದಲ್ಲಿ ಹುಟ್ಟಿ ಸಣ್ಣವನಿದ್ದಾಗಲೇ ಗೋವಾ ಸೇರಿದವನು. ಹೊಳಿಯಮ್ಮ ತೀರಿಕೊಳ್ಳುವ ಹೊತ್ತಿಗೆ ಸುಮಂಗಲಾ ಅವನ ಕೆಲಸ ಹಿಡಿದಿದ್ದಳು.

ಆದರೆ ಆನೆಗೊಂದಿಯ ಹೊಳೆದಂಡೆಯ ಮಂಟಪ ಒಂದು ಅವಳ ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಗಿತ್ತು. ಊರೊಳಗಿನ ಓಣಿ ಮುಗಿದ ಮೇಲೆ ಬಂಡೆಯಲ್ಲಿ ಕಡಿದ ಮೆಟ್ಟಿಲು. ಅದನ್ನು ಕಡಿದವನಿಗೆ ಯಾರ ಮೇಲೋ ಸಿಟ್ಟಿತ್ತೆಂದು ಕಾಣುತ್ತದೆ, ಆಡು ಸಹ ಬೈದುಕೊಂಡೇ ಇಳಿಯಬೇಕು. ಹಡಗಿನ ನಡೆಯುವ ಮಂದಿಯೆಲ್ಲ ಅಲ್ಲಿ ಇಳಿದು ಹೊಳೆ ನೋಡಿ ಬರುವ ತನಕ, ನಡೆಯಲಾರದವರನ್ನು ಬಸ್ಸಿನಲ್ಲಿ ಕೂರಿಸುತ್ತಿದ್ದರು.

"ಕಿಡಕಿಯಿಂದ ನೋಡ್ಲಿ ಬಿಡ್ರಿ ಅಕ್ಕಾರ, ಎಸಿ ಇರ್ತೈತಿ," ಎಂದ ಪ್ರವೀಣಕುಮಾರ ಫೋನಿನಲ್ಲಿ, ಅವರನ್ನೂ ಹೊತ್ತು ಇಳಿಸುತ್ತೇನೆಂದು ಸುಮಂಗಲಾ ಹೇಳಿದಾಗ.

"ಕಿಡಕಿಯಿಂದ ನೋಡಾಕ ಅವರು ಸಮುದ್ರ ದಾಟಿ ಬರಬೇಕಿತ್ತೇನ್ರಿ? ಅವರ ಮನ್ಯಾಗ ಕಿಡಕಿ ಇರಲಿಲ್ಲೇನು?"

ಪ್ರವೀಣಕುಮಾರ, "ಒಂದ ಸಲ. ನಾನೂ ಸಂಗಡ ಬರ್ತೀನಿ. ಏನರ ಹೆಚ್ಚುಕಡಿಮಿ ಆತು ಅಂದ್ರ, ಮುಂದಿನ ವರ್ಷದಿಂದ ಗಾಲಿ ಕುರ್ಚಿಯವರು ಹಡಗಿನ್ಯಾಗ ಕುಂಡರ್ತಾರ. ಬಸ್ಸಿನ್ಯಾಗೂ ಅಲ್ಲ. ನೋಡ್ರಿ ಮತ್ತ" ಎಂದ.

"ನನ್ನ ಪ್ಲಾನಿನ್ಯಾಗ ಯಾರಿಗೂ ಇರುವೆ ಕಡದಷ್ಟೂ ಗಾಬರಿ ಆಗಂಗಿಲ್ಲ," ಎಂದಳು ಸುಮಂಗಲಾ.

ಪ್ಲಾನು ಚೊಕ್ಕಟವಾಗಿತ್ತು. ಹೊರುವುದಕ್ಕೆ ಶ್ರೀರಾಮನಗರದ ಅಕ್ಕಿ ಗಿರಣಿಯ ಹಮಾಲರು. ಅವರ ಮುಂದಾಳು ಶಾಮೀದಸಾಬ. ಅವನು ಬೆನ್ನ ಮೇಲೆ ಚೀಲ ಹೊತ್ತು ನಡೆದರೆ ಚೀಲದೊಳಗಿನ ಅಕ್ಕಿಗೆ ನಿದ್ದೆ ಬರುತ್ತಿತ್ತು. ಬಸ್ಸಿನಿಂದ ಇಳಿದವರಿಗೆ ಹಾರ, ಹಣೆಗೆ ವಿಭೂತಿ, ಬಿಸಿಲಿಗೆಂದು ಹೊದೆಯಲು ಬಿಳಿ ಶಾಲು. ಊರಿನ ಸೊಗಸು ಕಾಣಲಿ ಎಂದು ಮುಂದೆ ಹಲಗೆ ಬಾರಿಸುವವರು. ಇನ್ನು ಉಳಿದದ್ದು ಹೊರುವ ಕುರ್ಚಿ. ಅದನ್ನು ಗಂಗಾವತಿಯ ಬಿದಿರು ಕೆಲಸದ ಗ್ಯಾನಪ್ಪನಿಗೆ ಒಪ್ಪಿಸಿ ಹೇಳಿದಳು: "ನಡಿಯಾಕ ಬರದವರನ್ನ ನೆಟ್ಟಗ ಕುಂಡ್ರಿಸಿ ಹೊರಬೇಕು ಯಪ್ಪಾ. ಮುಂದಕ್ಕ ಬೀಳಬಾರದು, ಕುತಿಗಿ ವಾಲಬಾರದು, ತೆಲಿ ಮ್ಯಾಲ ನೆರಳಿರಬೇಕು. ನಾಕು ಮಂದಿ ಹೆಗಲು ಕೊಡ್ತಾರ."

"ಅಷ್ಟ ಏನಬೇ? ಕಣ್ಣ ಮುಚ್ಚಿ ಮಾಡ್ತೀನಿ," ಎಂದ ಗ್ಯಾನಪ್ಪ. ಮಾಡಿದ್ದೂ ಹಾಗೆಯೇ.

ಎರಡು ಸಾವಿರದ ಏಳರ ಚಳಿಗಾಲ. ಬಸ್ಸು ಆನೆಗೊಂದಿಯ ಹೆಬ್ಬಾಗಿಲ ಬಳಿ ನಿಂತಿತು. ಗಾಲಿ ಕುರ್ಚಿಯವರಲ್ಲಿ ಮೊದಲು ಇಳಿದದ್ದು ಡೊರೀನ್ ಎಂಬ ಇಂಗ್ಲೆಂಡಿನ ಮುದುಕಿ. ಬ್ರೆಡ್ಡಿನ ಅಂಗಡಿ ನಡೆಸಿದವರು. ಬದುಕೆಲ್ಲ ಒಲೆಯ ಮುಂದೆ ನಿಂತು ನಿಂತು ಮೊಣಕಾಲು, ಸೊಂಟ ಎರಡನ್ನೂ ಆ ಒಲೆಗೇ ಹಾಕಿ ಬಂದಿದ್ದರು. ಮೈ ಹಾಲಿನ ಹಾಗೆ, ಕೂದಲು ಹತ್ತಿಯ ಹಾಗೆ. ಹಾರ ಹಾಕಿಸಿಕೊಂಡರು, ವಿಭೂತಿ ಹಚ್ಚಿಸಿಕೊಂಡರು, ಬಿಳಿ ಶಾಲು ಹೊದ್ದು ಕಪ್ಪು ಕನ್ನಡಕ ಏರಿಸಿದರು.

ಗ್ಯಾನಪ್ಪ ಆಗಷ್ಟೇ ಟ್ರ್ಯಾಕ್ಟರಿನಿಂದ ಇಳಿಸಿದ್ದ ಕುರ್ಚಿಯ ಮೇಲಿನ ತಾಡಪಾಲು ಸರಿಸಿದ. ಸುಮಂಗಲೆಯ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು.

ಅದು ಕುರ್ಚಿಯಲ್ಲ. ನಮ್ಮ ಕಡೆ ಹೆಣವನ್ನು ಕೂರಿಸಿ ಮಣ್ಣಿಗೆ ಒಯ್ಯುವ ವಿಮಾನ. ಬಿದಿರಿನ ಕಮಾನು, ನಾಲ್ಕು ಮೂಲೆಗೆ ಬಾಳೆಕಂಬ, ಸುತ್ತ ಚೆಂಡುಹೂವಿನ ಸರ, ಬಣ್ಣದ ಕಾಗದ, ಮೇಲೊಂದು ಕಳಸ. ತಲೆ ವಾಲದಂತೆ ಹಣೆಗೆ ಕಟ್ಟಲು ಹಿಂದಿನ ಗಳಕ್ಕೆ ಒಂದು ಬಟ್ಟೆಯ ಪಟ್ಟಿ ಬೇರೆ.

"ಗ್ಯಾನಪ್ಪಾ! ಏನ ಮಾಡಿಯೋ ಇದನ್ನ?"

"ನೀವ ಹೇಳಿದ್ದ. ನಡಿಯಾಕ ಬರದವರನ್ನ ಕುಂಡ್ರಿಸಿ ಹೊರಾಕ. ನಾ ಹುಟ್ಟಿದಾಗಿಂದ ಅಂಥವರಿಗೇ ಮಾಡಿಕೋತ ಬಂದೀನಿ. ಇಲ್ಲೀತನಾ ಒಬ್ಬರೂ ತಕರಾರ ಮಾಡಿಲ್ಲ."

"ಹೂವರ ಕೀಳು!"

"ಹೂವ ಪುಗಸಟ್ಟೆ ಹಾಕೀನ್ರಿ. ಪರದೇಶದ ಮಂದಿ, ನಮ್ಮ ಊರಿನ ಮಾನ ಉಳೀಲಿ ಅಂತ."

ಸುಮಂಗಲಾ ಮುಂದೆ ಏನಾದರೂ ಹೇಳುವುದರೊಳಗೆ ಡೊರೀನ್ ಅಮ್ಮ ಅದನ್ನು ನೋಡಿಬಿಟ್ಟರು. ಎರಡೂ ಕೈಯನ್ನು ಕೆನ್ನೆಗೆ ಇಟ್ಟುಕೊಂಡು, ತನ್ನ ಮದುವೆಗೆ ಸಹ ಯಾರೂ ಇಷ್ಟು ಚೆಂದದ ಗಾಡಿ ತಂದಿರಲಿಲ್ಲ ಎಂದರು. ಗೋವಾದಲ್ಲಿ ಬೆಳೆದ ಪ್ರವೀಣಕುಮಾರನಿಗೆ ಇದರ ಮರ್ಮ ಗೊತ್ತಿಲ್ಲ, ಅವನು ಚಪ್ಪಾಳೆ ತಟ್ಟಿ, "ಅಕ್ಕಾರ, ಏ-ವನ್!" ಎಂದ. ಡೊರೀನ್ ಅಮ್ಮ ಆಗಲೇ ಶಾಮೀದಸಾಬನ ಕುತ್ತಿಗೆಗೆ ಕೈ ಹಾಕಿ ಅದರೊಳಗೆ ಕೂತಾಗಿತ್ತು. ಹಣೆಯ ಪಟ್ಟಿಯನ್ನೂ ಗ್ಯಾನಪ್ಪ ಕಟ್ಟಿದ. ಸೋತ ಕುತ್ತಿಗೆಗೆ ಬಹಳ ಹಿತವಾಯಿತು ಎಂದು ಆಕೆ ಕಣ್ಣು ಮುಚ್ಚಿಕೊಂಡರು. ಓಣಿ ಸಣ್ಣದು, ಜಲ್ದಿ ದಾಟಿಬಿಟ್ಟರೆ ಯಾರಿಗೂ ಗೊತ್ತಾಗದು ಎಂದು ಸುಮಂಗಲಾ ಲೆಕ್ಕ ಹಾಕಿದಳು. ಹಿಂದೆ ಉಳಿದ ಗಾಲಿ ಕುರ್ಚಿಯವರನ್ನು ನೆರಳಿಗೆ ತಳ್ಳಿ ಬರುತ್ತೇನೆಂದು ಅರೆಗಳಿಗೆ ಹಿಂದೆ ಬಿದ್ದಳು.

ಆ ಅರೆಗಳಿಗೆ ಸಾಕಾಯಿತು. ವಿಮಾನ ಹೆಗಲಿಗೆ ಏರಿದ್ದೇ ತಡ, ಸ್ವಾಗತದ ಹಲಗೆ ಬಾರಿಸುತ್ತಿದ್ದವರ ಕೈ ತಾನಾಗಿಯೇ ಪೆಟ್ಟು ಬದಲಿಸಿತು. ಅವರ ತಪ್ಪಲ್ಲ, ಕಣ್ಣು ಕಂಡದ್ದನ್ನು ಕೈ ಬಾರಿಸಿತು. ಆ ಪೆಟ್ಟು ಕೇಳಿ ಕಿರಾಣಿ ಅಂಗಡಿಯವನು ಶಟರು ಅರ್ಧ ಇಳಿಸಿದ. ಕ್ಷೌರದ ವಿರುಪಣ್ಣ ಗಿರಾಕಿಯ ಒಂದೇ ಕೆನ್ನೆ ಬೋಳಿಸಿ ಕತ್ತಿ ಕೆಳಗಿಟ್ಟು ಬಂದ. ಗಿರಾಕಿಯೂ ಇನ್ನೊಂದು ಕೆನ್ನೆಯ ನೊರೆ ಸಮೇತ ಎದ್ದು ಬಂದ. ಬಾಗಿಲು ಬಾಗಿಲಲ್ಲೂ ಹೆಂಗಸರು ಸೆರಗು ಹೊದ್ದು ನಿಂತರು.

"ಯಾರ ಹೋದ್ರಬೇ?"

"ಗೊತ್ತಿಲ್ಲವಾ. ಮೈ ನೋಡಲ್ಲೆ, ಎಷ್ಟು ಬೆಳ್ಳಗಾಗೇತಿ. ಜೀವ ಹೋಗಿ ಭಾಳ ಹೊತ್ತಾಗಿರಬೇಕು."

"ಕರೇ ಚಸ್ಮಾ ಹಾಕ್ಯಾರಲ್ಲ?"

"ಶೋಕಿ ಇದ್ದಾಕಿ ಇರಬೇಕು. ಆಸೆ ಇದ್ದದ್ದು ಕೊಟ್ಟ ಕಳಸಬೇಕಲ್ಲ ಪಾಪ."

ಯಾರು ಸತ್ತರೆಂದು ಕೇಳಿ ಹೆಗಲು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಎದುರಿಗೆ ಹೆಣ ಬಂದರೆ ನಾಲ್ಕು ಹೆಜ್ಜೆ ಹೆಗಲು ಕೊಡುವುದು, ಆಮೇಲೆ ಕೇಳುವುದು. ಹಾಗೆ ಊರ ಗಂಡಸರು ಒಬ್ಬೊಬ್ಬರಾಗಿ ನುಗ್ಗಿ ಹಮಾಲರನ್ನು ಸರಿಸಿ ಹೆಗಲು ಕೊಟ್ಟರು. ಶಾಮೀದಸಾಬ ಮಾತ್ರ ಮುಂದಿನ ಒಂದು ಕೊನೆಯನ್ನು ಬಿಡಲಿಲ್ಲ. "ಏ, ಜೀವಂತ ಅದಾರೋ!" ಎಂದು ಅವನು ಕೂಗಿದ್ದು ಹಲಗೆಯ ಸದ್ದಿನಲ್ಲಿ ಅವನ ಕಿವಿಗೇ ಕೇಳಿಸಲಿಲ್ಲ. ಮಂಡಕ್ಕಿ ತೂರಿದರು. ಡೊರೀನ್ ಅಮ್ಮ ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕರು. ಪುಣ್ಯವಂತಳ ಮುಖದಲ್ಲಿ ಎಂಥ ಕಳೆ ಎಂದು ಜನ ಕೈ ಮುಗಿದರು.

ಮುಂದೆ ನಡೆದವಳು ಹಂಪವ್ವ. ಹಾಡಿ ಅಳುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಆಕೆ ಅತ್ತರೆ ಸತ್ತವರ ಸಾಲಗಾರರೂ ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. "ಹಾಲಿನಂಥಾಕಿ ಹೊಂಟ್ಯಲ್ಲ ನನ್ನವ್ವಾ, ಹೊಳಿ ನೋಡದಽ ಹೊಂಟ್ಯಲ್ಲಾ..." ಎಂದು ಗುರುತಿಲ್ಲದ ಹೆಣಕ್ಕೆ ಎದೆ ಬಡಿದುಕೊಂಡು ಹಾಡಿದಳು.

ಓಣಿಯ ಕೊನೆಯಲ್ಲಿ ದಾರಿ ಎರಡಾಗುತ್ತದೆ. ಎಡಕ್ಕೆ ಬಂಡೆಯ ಮೆಟ್ಟಿಲು, ಬಲಕ್ಕೆ ಸುಡುಗಾಡು. ಯಾರೂ ಹೇಳದೆಯೇ ಮೆರವಣಿಗೆ ಬಲಕ್ಕೆ ಹೊರಳಿತು. ಹೆಂಗಸರು ಅಲ್ಲಿಂದ ಮುಂದೆ ಹೋಗುವಂತಿಲ್ಲ. ಹಂಪವ್ವ ಕೊನೆಯ ಸಲ ಪಾದ ಮುಟ್ಟಿ ನಮಸ್ಕರಿಸಲು ಬಂದಳು. ಹೊತ್ತವರು ವಿಮಾನವನ್ನು ಸ್ವಲ್ಪ ತಗ್ಗಿಸಿದರು. ಆ ಹಾಡಿಗೆ ಡೊರೀನ್ ಅಮ್ಮನ ಎದೆ ತುಂಬಿ ಬಂದಿತ್ತು. ಹಣೆಯ ಪಟ್ಟಿ ಬಿಚ್ಚಿದರು, ಕನ್ನಡಕ ತೆಗೆದರು, ಬಗ್ಗಿ ಹಂಪವ್ವನ ಕೈ ಹಿಡಿದು, "ಥ್ಯಾಂಕ್ ಯೂ" ಎಂದರು.

ಹಂಪವ್ವನ ಹಾಡು ಅರ್ಧಕ್ಕೇ ತುಂಡಾಯಿತು. ಹಲಗೆಯವರ ಕೋಲು ಗಾಳಿಯಲ್ಲೇ ನಿಂತಿತು. ಹಕ್ಕಿಗಳು ಕೂಡ ಉಸಿರು ಬಿಗಿ ಹಿಡಿದವು ಎಂದರೆ ನಂಬಬೇಕು. ಮರುಕ್ಷಣ "ಎದ್ಲೋ!" ಎಂದು ಒಂದು ದನಿ. ಗಂಡಸರು ಓಡಿದ ರಭಸಕ್ಕೆ ಒಬ್ಬನ ಪಂಚೆ ಬೇಲಿಗೆ ಸಿಕ್ಕಿ, ಪಂಚೆ ಅಲ್ಲೇ ಉಳಿದು ಅವನು ಗಂಗಾವತಿ ತಲುಪಿದ. ಅರ್ಧ ಬೋಳಿಸಿಕೊಂಡಿದ್ದವನ ಇನ್ನೊಂದು ಕೆನ್ನೆಯ ಕೂದಲು ತಾನಾಗಿಯೇ ಉದುರಿತೆಂದು ಈಗಲೂ ಹೇಳುತ್ತಾರೆ.

ನಗುವ ಮಾತು ಅಲ್ಲಿಗೆ ನಿಂತಿತು. ಹೆಗಲುಗಳು ಓಡಿಹೋಗಿದ್ದವು, ಉಳಿದ ಹಮಾಲರೂ ಆ ಓಟದ ನೂಕಿನಲ್ಲಿ ಕೊಚ್ಚಿಹೋಗಿದ್ದರು. ವಿಮಾನ ಹಿಂದಕ್ಕೆ ವಾಲಿತು. ಮುಂದಿನ ಕೊನೆಯಲ್ಲಿ ಶಾಮೀದಸಾಬ ಒಬ್ಬನೇ. ಹೊತ್ತ ಚೀಲವನ್ನು ಎಂದೂ ನೆಲಕ್ಕೆ ಬಿಟ್ಟವನಲ್ಲ, ಕುತ್ತಿಗೆಯ ನರ ಹಗ್ಗದಂತೆ ಉಬ್ಬಿದ್ದರೂ ಬಿಡಲಿಲ್ಲ. ಡೊರೀನ್ ಅಮ್ಮ ಚೀರಿದರು. ಜನರನ್ನು ಸೀಳಿಕೊಂಡು ಓಡಿಬಂದ ಸುಮಂಗಲಾ ಹಿಂದಿನ ಗಳಕ್ಕೆ ಹೆಗಲು ಕೊಟ್ಟಳು. ಹೆಣದ ಗಳಕ್ಕೆ ಹೆಂಗಸು ಹೆಗಲು ಕೊಟ್ಟದ್ದನ್ನು ನೋಡಿ ಬಾಗಿಲಲ್ಲಿದ್ದವರು ಎರಡನೇ ಸಲ ಬೆಚ್ಚಿದರು.

"ಹಂಪವ್ವಾ, ಹಿಡಿಬೇ! ಬಿದ್ರ ಈಗ ಖರೇನ ಸಾಯ್ತಾಳ!"

ಹಂಪವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಆದರೆ ತನ್ನ ಕೈ ಹಿಡಿದ ಕೈ ಬಿಸಿಯಾಗಿತ್ತಲ್ಲ. ಬಂದು ಹೆಗಲು ಕೊಟ್ಟಳು. ಹಿಂದೆಯೇ ಇನ್ನೊಬ್ಬ ಹೆಣ್ಣುಮಗಳು ಬಂದಳು. ವಿಮಾನ ನೆಟ್ಟಗಾಯಿತು.

ಹಿಂದಿನಿಂದ ಪ್ರವೀಣಕುಮಾರ ಏದುಸಿರು ಬಿಡುತ್ತ ಬಂದ. ಬರುವ ದಾರಿಯಲ್ಲಿ ಯಾರೋ ಅವನಿಗೆ ಆ ಏ-ವನ್ ಗಾಡಿ ಏನೆಂಬುದನ್ನು ಹೇಳಿದ್ದರು. ಅವನ ಮುಖ ಡೊರೀನ್ ಅಮ್ಮನಿಗಿಂತ ಬೆಳ್ಳಗಾಗಿತ್ತು. "ಮುಗೀತು. ಬಸ್ಸಿಗೆ ತಿರಗ್ರಿ. ಎಲ್ಲಾರೂ ಬಸ್ಸಿಗೆ!" ಎಂದ.

ಸುಮಂಗಲಾ ಎಡಕ್ಕೆ ನೋಡಿದಳು: ಮೆಟ್ಟಿಲು. ಈ ಹೆಂಗಸರ ಹೆಗಲಲ್ಲಿ ಇಳಿಯುವ ಮಾತಲ್ಲ. ಬಲಕ್ಕೆ ನೋಡಿದಳು. ಕಾಂಕ್ರೀಟು ರಸ್ತೆ, ಜೋಳದ ರೊಟ್ಟಿಯ ಹಾಗೆ ಸಪಾಟು. ಒಂದು ಕಲ್ಲಿಲ್ಲ, ಒಂದು ಮೆಟ್ಟಿಲಿಲ್ಲ. ಹೆಂಗಸರು ಹೋಗದ ದಾರಿ. ತಾಯಿಯನ್ನು ಕಳಿಸಿದ ದಿನವೂ ಅವಳು ಮರಳಿಯ ಮನೆ ಬಾಗಿಲಲ್ಲೇ ನಿಂತವಳು. ನಾಲ್ಕು ತಾಲೂಕಿನಲ್ಲಿ ನೋಡದ ದಾರಿಯಿಲ್ಲ ಎಂದವಳು, ಯಾವ ಊರಿನಲ್ಲೂ ಈ ದಾರಿಯೊಂದನ್ನು ಮಾತ್ರ ನೋಡಿರಲಿಲ್ಲ.

"ಶಾಮೀದಣ್ಣ, ಇದು ಎಲ್ಲಿಗೆ ಹೋಗ್ತೈತಿ?"

"ಸುಡಗಾಡಿಗೆ. ಅದನ್ನ ದಾಟಿ ಹೊಳಿಗೆ. ಮಂಟಪದ ಮಗ್ಗಲಕ್ಕ."

"ನಡೀ."

"ಆ ಕಡೆ ಹೆಂಗಸರು ಹೋಗಂಗಿಲ್ಲ ತಂಗಿ," ಎಂದಳು ಹಂಪವ್ವ.

"ಸತ್ತವರ ಸಂಗಡ ಹೋಗಂಗಿಲ್ಲವಾ. ಈಕಿ ಬದುಕ್ಯಾಳ. ಬದುಕಿದವರ ಸಂಗಡ ಹೋಗಬ್ಯಾಡ ಅಂತ ಯಾವ ಹಿರ್ಯಾ ಹೇಳ್ಯಾನ?"

ಹಂಪವ್ವನ ಕಾಲುಗಳು ಆಗಲೇ ಬಲಕ್ಕೆ ನಡೆದಿದ್ದವು. ಗೋರಿಗಳ ನಡುವೆ ವಿಮಾನ ಹಾದುಹೋಯಿತು. ಒಳಗೆ ಒಂದು ಕುಣಿಯ ಮಣ್ಣು ಸರಿಮಾಡುತ್ತಿದ್ದ ಮುದುಕನೊಬ್ಬ ತಲೆ ಎತ್ತಿ ನೋಡಿದ. ವಿಮಾನ ನಿಲ್ಲಲಿಲ್ಲ, ಒಳಗೆ ಕೂತವರು ಅವನಿಗೆ ಕೈ ಬೀಸಿ ಹೊರಟುಹೋದರು. ಹೆಣವೊಂದು ತನ್ನ ಹದ್ದು ಮೀರಿ ಮುಂದಕ್ಕೆ ಹೋದದ್ದನ್ನು ಅವನು ಮೊದಲ ಸಲ ಕಂಡದ್ದು. ಕುಣಿಯ ದಂಡೆಯ ಮೇಲೆ ಕೂತುಬಿಟ್ಟ.

ಮಂಟಪದ ಕಲ್ಲುಹಾಸಿನ ಮೇಲೆ ವಿಮಾನ ಇಳಿಯಿತು. ಎದುರಿಗೆ ಬಂಡೆಗಳ ನಡುವೆ ತುಂಗಭದ್ರೆ. ಡೊರೀನ್ ಅಮ್ಮ ಬಹಳ ಹೊತ್ತು ನೀರನ್ನೇ ನೋಡಿದರು. ಆಮೇಲೆ ಆ ಜನ ಓಡಿದ್ದು ಯಾಕೆ ಎಂದು ಕೇಳಿದರು. ಸುಮಂಗಲಾ ತನ್ನ ಬೂತಿನ ಇಂಗ್ಲಿಷಿನಲ್ಲಿ, ಮುಚ್ಚಿಡದೆ, ಎಲ್ಲ ಹೇಳಿದಳು. ಹೂವು ಯಾಕೆ, ಮಂಡಕ್ಕಿ ಯಾಕೆ, ಹಾಡು ಯಾಕೆ, ಆ ದಾರಿ ಯಾವುದು.

ಡೊರೀನ್ ಅಮ್ಮನ ಕೈ ತಟ್ಟನೆ ಕುತ್ತಿಗೆಯ ಹಾರಕ್ಕೆ ಹೋಯಿತು. ಪ್ರವೀಣಕುಮಾರ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ.

ಡೊರೀನ್ ಅಮ್ಮ ಹಂಪವ್ವನ ಕಡೆ ಬೆರಳು ತೋರಿಸಿ, "ಇವರಿಗೆ ನಾನು ಯಾರೆಂದು ಗೊತ್ತಿತ್ತೇ?" ಎಂದು ಕೇಳಿದರು.

"ಇಲ್ಲ."

"ಆದರೂ ಅತ್ತರೇ?"

"ಹೌದು."

"ನಮ್ಮ ಊರಲ್ಲಿ ಇಷ್ಟು ಜನ ಸೇರಬೇಕಾದರೆ ನಾನು ನಿಜವಾಗಿಯೂ ಸಾಯಬೇಕು. ಅಂದು ಮಳೆ ಇದ್ದರೆ ಅದೂ ಅನುಮಾನ," ಎಂದು ಡೊರೀನ್ ಅಮ್ಮ ಹಾರವನ್ನು ಬಿಚ್ಚಿ ಹಂಪವ್ವನ ಕೊರಳಿಗೆ ಹಾಕಿದರು. ಹಂಪವ್ವ ಮತ್ತೊಮ್ಮೆ ಬೆಚ್ಚಿಬಿದ್ದಳು. ಆಮೇಲೆ ಡೊರೀನ್ ಅಮ್ಮ ಬಸ್ಸಿನ ಕಡೆ ಕೈ ತೋರಿಸಿ ಉಳಿದ ಗೆಳೆಯರನ್ನೂ ಕರೆತನ್ನಿ ಎಂದರು. ಅವರನ್ನು ಹೊರುವ ಕೆಲಸವೇ ಬೀಳಲಿಲ್ಲ. ಅದೇ ರಸ್ತೆಯಲ್ಲಿ ತಮ್ಮ ಕುರ್ಚಿಯ ಗಾಲಿಯನ್ನು ತಾವೇ ತಿರುಗಿಸಿಕೊಂಡು, ಯಾರ ಹಂಗೂ ಇಲ್ಲದೆ ಹೊಳೆದಂಡೆಗೆ ಬಂದರು. ಸಪಾಟು ರಸ್ತೆ ಸಿಕ್ಕ ಖುಷಿಗೆ ಒಬ್ಬರು ಪಂದ್ಯವನ್ನೂ ಹೂಡಿದರು.

ಮುಂದಿನ ವರ್ಷವೂ ಗಾಲಿ ಕುರ್ಚಿಯವರು ಬಂದರು, ಅದರ ಮುಂದಿನ ವರ್ಷವೂ. ಪ್ರವೀಣಕುಮಾರನಿಗೆ ಅವರನ್ನು ಹಡಗಿನಲ್ಲಿ ಕೂರಿಸುವ ಧೈರ್ಯ ಬರಲಿಲ್ಲ. ಡೊರೀನ್ ಅಮ್ಮ ಹಡಗಿನ ತುಂಬ ತಾನು ಸತ್ತ ಕತೆಯನ್ನು ಹೇಳಿಕೊಂಡು ತಿರುಗಿದ್ದರಂತೆ. ಗ್ಯಾನಪ್ಪ ಮಾತ್ರ ಇಂದಿಗೂ, ತನ್ನ ಮಾಲನ್ನು ವಾಪಸು ಕೊಟ್ಟ ಗಿರಾಕಿ ಅವರೊಬ್ಬರೇ ಎಂದು ಮುನಿಸಿಕೊಂಡಿದ್ದಾನೆ.

ಆದರೆ ಆ ದಿನ, ಬಸ್ಸು ಹೊರಡುವ ಮುನ್ನ, ಪ್ರವೀಣಕುಮಾರ ಬಸ್ಸಿನ ಬಾಗಿಲು ಹಿಡಿದುಕೊಂಡು ಕೂಗಿದ: "ಹಡಗಿನವರಿಗೆ ನಾ ಏನಂತ ಹೇಳ್ಲಿ ಅಕ್ಕಾರ? ಜೀವಂತ ಪ್ಯಾಸೆಂಜರನ್ನ ಸುಡಗಾಡಿಗೆ ಒಯ್ದಿದ್ವಿ ಅಂತ ಹೇಳ್ಲೇನು? ನಾಚಿಕಿ ಆಗಂಗಿಲ್ಲ ನಿಮಗ?"

ಸುಮಂಗಲಾ ಹೆಗಲಿಗೆ ಅಂಟಿದ್ದ ಚೆಂಡುಹೂವಿನ ಎಸಳು ಕೊಡವಿಕೊಂಡಳು.

"ನನಗ್ಯಾಕ ನಾಚಿಕ್ರಿ? ಗುಡಿಗೆ ಮೆಟ್ಲ, ಬ್ಯಾಂಕಿಗೆ ಮೆಟ್ಲ, ದವಾಖಾನಿಗೂ ಮೆಟ್ಲ ಕಟ್ಟಿ, ಮೆಟ್ಲಿಲ್ಲದ ದಾರಿ ಸುಡಗಾಡಿಗೊಂದಕ್ಕ ಹಾಕಿದವರನ್ನ ಕೇಳ್ರಿ. ಕಾಲಿಲ್ಲದವರು ಸಾಯೋತನಾ ಕಾಯ್ಲಿ ಅಂತ ಪ್ಲಾನ್ ಮಾಡಿದವರು ಅವರು. ನಾ ಒಂದೀಟು ಜಲ್ದಿ ಕರಕೊಂಡು ಹೋದ್ನಿ, ಅಷ್ಟ."